ಒತ್ತಿದರೆ ಅಲುಗದ ಪಿಸ್ಟನ್

ಗಂಟೆಗೆ 72 ಕಿಲೋಮೀಟರು ವೇಗದಿಂದ ಓಡುವ, 1000 ಕಿಲೋಗ್ರಾಂ ತೂಕದ ಕಾರನ್ನು ನಿಲ್ಲಿಸಬೇಕಾದರೆ ಸುಮಾರು 2 ಲಕ್ಷ ಜೂಲುಗಳಷ್ಟು ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸಬೇಕು. ಅರ್ಧ ಲೀಟರು ತಣ್ಣೀರು ಕುದಿಯತೊಡಗಲು ಇಷ್ಟು ಶಾಖ ಸಾಕು. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಪಕ್ಕಗಳಿಂದ ಅದುಮಿ ಹಿಡಿಯುವ ಬ್ರೇಕು ಪ್ಯಾಡುಗಳು ಈ ಘರ್ಷಣೆಯಲ್ಲಿ ತಾವೂ ಸವೆಯುತ್ತವೆ.

ಇವನ್ನು ಮನೆಯಲ್ಲಿಯೇ ಬದಲಾಯಿಸಬಹುದು. ಮುಂದಿನ ಚಕ್ರಗಳಲ್ಲಾದರೆ, ದಪ್ಪನೆಯ ಹೊಸ ಪ್ಯಾಡಿಗೆ ಎಡೆಯಾಗುವಂತೆ ಪಿಸ್ಟನ್ನನ್ನು ನೇರವಾಗಿ ಹಿಂದಕ್ಕೆ ಒತ್ತಿದರಾಯಿತು. ಹಿಂದಿನ ಚಕ್ರದಲ್ಲಿ ಹಾಗೆ ಒತ್ತಿ ಈ ಲೇಖಕನು ಒಮ್ಮೆ ಅರ್ಧ ಗಂಟೆ ಹೆಣಗಿದ್ದುಂಟು. ಅದು ಕೂದಲೆಳೆಯಷ್ಟೂ ಸರಿಯಲಿಲ್ಲ. ಕಾರಣವೇನು? ಅನೇಕ ಕಾರುಗಳಲ್ಲಿ ಕೈಬ್ರೇಕಿಗೂ ಅದೇ ಪಿಸ್ಟನ್ ದುಡಿಯಬೇಕು. ಅದಕ್ಕೆಂದು ಅದರೊಳಗೊಂದು ತಿರುಪು ಅಡಗಿರುತ್ತದೆ. ಪ್ಯಾಡು ಸವೆದಂತೆಲ್ಲ ಈ ತಿರುಪಿನ ಜೋಡಣೆಯು ತಾನಾಗಿಯೇ ಉದ್ದವಾಗಿ, ಪಿಸ್ಟನ್ ಹಿಂದೆ ಸರಿಯದಂತೆ ತಡೆಯುತ್ತದೆ. ಬಲದಿಂದ ಒತ್ತಿದರೆ ಅದು ಕೆಡುವುದು. ತಕ್ಕ ಸಾಧನದಿಂದ ತಿರುಗಿಸುತ್ತ ಒತ್ತಿದರೆ ಮೆಲ್ಲನೆ ಒಳಗಿಳಿಯುವುದು.

ಕೆಲಸದ ವೇಳೆ ಕೈಬ್ರೇಕನ್ನು ಬಿಟ್ಟಿರಬೇಕಾದುದರಿಂದ, ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕಾರನ್ನು ಜ್ಯಾಕಿನ ಮೇಲಲ್ಲದೆ ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸತಕ್ಕದ್ದು. ವಿದ್ಯುತ್ತಿನಿಂದ ನಡೆಯುವ ಕೈಬ್ರೇಕಿದ್ದರೆ ಪಿಸ್ಟನ್ನನ್ನು ಮುಟ್ಟುವ ಮೊದಲೇ ಅದನ್ನು ದುರಸ್ತಿಯ ಸ್ಥಿತಿಗೆ ತರಬೇಕು. ಕ್ರಮವನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ. ಎರಡು ಪಕ್ಕದ ಪ್ಯಾಡುಗಳನ್ನೂ ಒಟ್ಟಿಗೇ ಬದಲಾಯಿಸುವುದು ವಾಡಿಕೆ.

ಎಲ್ಲವೂ ಮುಗಿದ ಮೇಲೆ ಬ್ರೇಕನ್ನು ತುಳಿದರೆ ಪೆಡಲು ಸೀದಾ ನೆಲ ಮುಟ್ಟೀತು. ಗಾಬರಿ ಬೇಡ, ಪಿಸ್ಟನ್ ಇನ್ನೂ ಪ್ಯಾಡಿನಿಂದ ದೂರವಿದೆ, ಅಷ್ಟೆ. ಪೆಡಲು ಕಾಲಿಗೆ ಗಟ್ಟಿಯಾಗಿ ತಾಕುವವರೆಗೂ ಮತ್ತೆ ಮತ್ತೆ ತುಳಿಯಿರಿ. ಅಲ್ಲಿಯವರೆಗೆ ಕಾರು ಒಂದು ಗೇಣೂ ಕದಲಕೂಡದು.