ಹಳೆಯ ಗ್ಯಾಸ್ಕೆಟ್ಟು ಮತ್ತು ಗೃಹಸ್ಥನ ಮಿತವ್ಯಯ

ಇರುವ ವಸ್ತುವನ್ನು ಬಿಸುಡದೆ ದುರಸ್ತಿ ಮಾಡಿಸಿ ಬಳಸುವುದು ನಮ್ಮ ಒಕ್ಕಲು ಮನೆತನಗಳು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಸದ್ಗುಣ. ಸವೆದ ಕುಳವನ್ನು ಕಮ್ಮಾರನ ಬಳಿ ಹಣಿಸಿ ಮತ್ತೆ ಭೂಮಿಗಿಳಿಸುತ್ತೇವೆ. ತಾಮ್ರದ ಪಾತ್ರೆಗೆ ಕಲಾಯಿ ಮಾಡಿಸಿ ಮತ್ತೆ ಒಲೆಯ ಮೇಲಿಡುತ್ತೇವೆ. ಹೀಗೆ ಬೆಳೆದ ಮನಸ್ಸು ಮೋಟಾರು ವಾಹನದ ವಿಷಯದಲ್ಲಿಯೂ ಅದೇ ದಾರಿಯನ್ನು ಹಿಡಿಯುವುದು ಸಹಜ. ಕಾರಿನ ಎಂಜಿನ್ ಬಿಚ್ಚಿದಾಗ ಹೊರಬರುವ ಲೋಹದ ಹೆಡ್ ಗ್ಯಾಸ್ಕೆಟ್ಟು ನೋಡುವ ಕಣ್ಣಿಗೆ ಹರಿದಿರುವುದಿಲ್ಲ, ಮುರಿದಿರುವುದಿಲ್ಲ. ‘ಇದು ಚೆನ್ನಾಗಿಯೇ ಇದೆಯಲ್ಲ, ತೊಳೆದು ಮತ್ತೆ ಹಾಕಿದರಾಗದೆ?’ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ. ರಾಯಚೂರು ನಗರದಲ್ಲಾದರೆ ಬಿಡಿಭಾಗದ ಅಂಗಡಿ ಹತ್ತಿರವಿರುತ್ತದೆ. ದೇವದುರ್ಗದಲ್ಲಿಯೋ ಮಾನ್ವಿಯಲ್ಲಿಯೋ ವಾಹನ ಬಿಚ್ಚಿ ನಿಂತು, ಬೇಕಾದ ಗ್ಯಾಸ್ಕೆಟ್ಟು ಊರಿನಲ್ಲಿ ಸಿಗದಿದ್ದರೆ ಆ ಪ್ರಶ್ನೆಗೆ ಇನ್ನಷ್ಟು ಬಲ ಬರುತ್ತದೆ. ಇದಕ್ಕೆ ಒಂದೇ ಮಾತಿನಲ್ಲಿ ‘ಹೌದು’ ಎನ್ನುವುದೂ ‘ಇಲ್ಲ’ ಎನ್ನುವುದೂ ಸರಿಯಲ್ಲ. ಲೋಹದ ಗುಣವನ್ನು ಅರಿತು ಉತ್ತರ ಹೇಳಬೇಕಾಗುತ್ತದೆ.

ಗ್ಯಾಸ್ಕೆಟ್ಟಿನ ಕೆಲಸ

ಎಂಜಿನ್ನಿನ ಕೆಳಭಾಗಕ್ಕೆ ಬ್ಲಾಕ್ ಎಂದು ಹೆಸರು. ಪಿಸ್ಟನ್‌ಗಳು ಅದರೊಳಗಿನ ಸಿಲಿಂಡರ್‌ಗಳಲ್ಲಿ ಏರಿಳಿಯುತ್ತವೆ. ಅದರ ಮೇಲೆ ಮುಚ್ಚಳದಂತೆ ಕೂಡುವುದು ಹೆಡ್. ಇವೆರಡರ ನಡುವೆ ಇರುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್ಟು. ಉರಿಯುವ ಅನಿಲ, ತಂಪು ಮಾಡುವ ನೀರು, ಜಾರುವಿಕೆಗಾಗಿ ಹರಿಯುವ ಎಣ್ಣೆ, ಈ ಮೂರೂ ಅದರ ಪಕ್ಕಪಕ್ಕದಲ್ಲಿಯೇ ಸಾಗುತ್ತವೆ. ಒಂದು ಇನ್ನೊಂದರೊಡನೆ ಬೆರೆಯದಂತೆ ಕಾಯುವುದು ಅದರ ಕೆಲಸ. ಇಂದಿನ ಡೀಸೆಲ್ ಕಾರುಗಳ ಸಿಲಿಂಡರಿನೊಳಗೆ ಉರಿಯುವ ಕ್ಷಣದಲ್ಲಿ ಉಂಟಾಗುವ ಒತ್ತಡವು ವಾತಾವರಣದ ಒತ್ತಡದ 150 ಪಟ್ಟನ್ನೂ ಮೀರಬಲ್ಲದು.

ಇದಲ್ಲದೆ ಇನ್ನೊಂದು ಸೂಕ್ಷ್ಮವುಂಟು. ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣವಾಗಿದ್ದವು. ಬಿಸಿಯಾದಾಗ ಎರಡೂ ಸಮನಾಗಿ ಹಿಗ್ಗುತ್ತಿದ್ದವು. ಈಗಿನ ಅನೇಕ ಎಂಜಿನ್‌ಗಳಲ್ಲಿ ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ 80 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಅದು ಬ್ಲಾಕಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಾಗಿ ಬೆಳೆಯಲು ಹವಣಿಸುತ್ತದೆ. ಎಂಜಿನ್ ಬಿಸಿಯಾಗಿ ತಣಿದಾಗಲೆಲ್ಲ ಈ ಎಳೆದಾಟ ನಡೆಯುತ್ತದೆ. ಅದನ್ನು ಸಹಿಸಿಕೊಂಡು ಸೋರದಂತೆ ನಿಲ್ಲುವುದು ಗ್ಯಾಸ್ಕೆಟ್ಟಿನ ಸತ್ತ್ವಪರೀಕ್ಷೆ.

ಲೋಹವೆಲ್ಲ ಒಂದೇ ಅಲ್ಲ

ಲೋಹದ ಗ್ಯಾಸ್ಕೆಟ್ಟುಗಳಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು.

ಮೊದಲನೆಯದು, ಎರಡು ತೆಳು ಲೋಹದ ಹಾಳೆಗಳ ನಡುವೆ ಮೆತ್ತನೆಯ ಪದಾರ್ಥವನ್ನಿಟ್ಟು ಮಾಡಿದ್ದು. ಹಿಂದಿನ ಕಾಲದಲ್ಲಿ ತಾಮ್ರದ ಹಾಳೆಗಳ ನಡುವೆ ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು ಇಡುತ್ತಿದ್ದರು. ಮುಂದೆ ಗ್ರಾಫೈಟ್ ಮೊದಲಾದವು ಬಂದವು. ಒಮ್ಮೆ ಬಿಗಿದರೆ ಒಳಗಿನ ಪದಾರ್ಥ ಅಮುಕಿಹೋಗಿ ಮತ್ತೆ ಮೇಲೇಳುವುದಿಲ್ಲ. ಇದನ್ನು ಮರುಬಳಸುವ ಮಾತೇ ಇಲ್ಲ. ಹಳೆಯ ಕಲ್ನಾರಿನ ಗ್ಯಾಸ್ಕೆಟ್ಟನ್ನು ಒಣಗಿದ್ದಾಗ ಕೆರೆಯುವುದು ಅಪಾಯಕರ. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಹೊಕ್ಕು ಕ್ಯಾನ್ಸರನ್ನೂ ತರಬಲ್ಲವು. ಕಲ್ನಾರಿನ ಕೆಲಸಗಾರರ ಆರೋಗ್ಯರಕ್ಷಣೆಯ ಕುರಿತು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಪು ನೀಡಿದೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಇದನ್ನು ತಿಳಿಸಿ ಹೇಳಬೇಕು.

ಎರಡನೆಯದು, ಶುದ್ಧ ತಾಮ್ರದ ಒಂದೇ ತಗಡು. ಗಾಳಿಯಿಂದ ತಂಪಾಗುವ ಕೆಲವು ಹಳೆಯ ಮೋಟಾರು ಸೈಕಲ್ ಎಂಜಿನ್‌ಗಳಲ್ಲಿ ಮತ್ತು ಪಂದ್ಯದ ವಾಹನಗಳಲ್ಲಿ ಇದನ್ನು ಕಾಣಬಹುದು. ತಾಮ್ರವು ಒತ್ತಡಕ್ಕೆ ಸಿಕ್ಕಿ ಗಡುಸಾಗುತ್ತದೆ. ಮಂದ ಕೆಂಪು ಬಣ್ಣ ಬರುವವರೆಗೆ ಕಾಸಿದರೆ ಮತ್ತೆ ಮೆತ್ತಗಾಗುತ್ತದೆ. ನೀರಿನಲ್ಲಿ ಅದ್ದಿ ತಣಿಸಿದರೂ ಗಾಳಿಗಿಟ್ಟು ತಣಿಸಿದರೂ ಮೆತುತನ ಉಳಿಯುತ್ತದೆ. ಆದ್ದರಿಂದ ಬಿರುಕು, ಸುಟ್ಟ ಕಲೆ, ತೆಳುವಾದ ಜಾಗ ಇಲ್ಲದ ತಾಮ್ರದ ಗ್ಯಾಸ್ಕೆಟ್ಟನ್ನು ಕಾಸಿ, ಸಮತಟ್ಟು ಮಾಡಿ ಮತ್ತೆ ಬಳಸುವ ಪದ್ಧತಿ ಶಾಸ್ತ್ರಸಮ್ಮತವೇ ಆಗಿದೆ. ನಮ್ಮ ಹಿರಿಯರ ಮಿತವ್ಯಯಕ್ಕೆ ಇಲ್ಲಿ ಎಡೆಯುಂಟು.

ಮೂರನೆಯದು, ಇಂದಿನ ಬಹುತೇಕ ಕಾರುಗಳಲ್ಲಿರುವ ಬಹುಪದರದ ಉಕ್ಕಿನ ಗ್ಯಾಸ್ಕೆಟ್ಟು. ಸಾಮಾನ್ಯವಾಗಿ ಮೂರರಿಂದ ಐದು ತೆಳು ಪದರಗಳು ಇದರಲ್ಲಿರುತ್ತವೆ. ಹೊರಪದರಗಳು ಸ್ಪ್ರಿಂಗಿನ ಗುಣವುಳ್ಳ ತುಕ್ಕುಹಿಡಿಯದ ಉಕ್ಕು. ಸಿಲಿಂಡರ್ ಮತ್ತು ನೀರಿನ ರಂಧ್ರಗಳ ಸುತ್ತ ಉಬ್ಬಿದ ಏಣುಗಳನ್ನು ಒತ್ತಿರುತ್ತಾರೆ. ಮೇಲೆ ಕೂದಲೆಳೆಗಿಂತ ತೆಳುವಾದ ರಬ್ಬರಿನ ಲೇಪವಿರುತ್ತದೆ. ಏಣು ಸ್ಪ್ರಿಂಗಿನಂತೆ ಒತ್ತಿ ನಿಲ್ಲುತ್ತದೆ. ಲೇಪವು ಹೆಡ್ ಮತ್ತು ಬ್ಲಾಕುಗಳ ಮೇಲ್ಮೈಯ ಸಣ್ಣ ಗೆರೆಗಳನ್ನು ತುಂಬುತ್ತದೆ.

ಉಕ್ಕಿಗೆ ಮರುಜೀವವುಂಟೆ?

ಈ ಮೂರನೆಯ ಬಗೆಯಲ್ಲಿಯೇ ಹೆಚ್ಚಿನವರು ಮೋಸಹೋಗುವುದು. ಹೊರತೆಗೆದಾಗ ಅದು ಹೊಳೆಯುತ್ತಿರುತ್ತದೆ, ಗಟ್ಟಿಯಾಗಿರುತ್ತದೆ. ಆದರೆ ಅದರಲ್ಲಿ ಮೂರು ಗುಣಗಳು ಕುಂದಿರುತ್ತವೆ. ಏಣು ತನ್ನ ಮೊದಲಿನ ಎತ್ತರಕ್ಕೆ ಪೂರ್ತಿಯಾಗಿ ಮರಳಿರುವುದಿಲ್ಲ. ಲೇಪವು ಅಲ್ಲಲ್ಲಿ ಕಿತ್ತು ಹೆಡ್ಡಿಗೂ ಬ್ಲಾಕಿಗೂ ಅಂಟಿಕೊಂಡಿರುತ್ತದೆ. ಉಳಿದ ಲೇಪವು ಹಿಂದಿನ ಮೇಲ್ಮೈಯ ಅಚ್ಚನ್ನು ಹೊತ್ತಿರುವುದರಿಂದ, ಕೂದಲೆಳೆಯಷ್ಟು ಜರುಗಿ ಕುಳಿತರೂ ಆ ಅಚ್ಚು ಹೊಂದುವುದಿಲ್ಲ.

ತಾಮ್ರದ ನ್ಯಾಯವನ್ನು ಇದಕ್ಕೆ ಅನ್ವಯಿಸುವುದಂತೂ ಸಲ್ಲದು. ಈ ಉಕ್ಕಿಗೆ ಸ್ಪ್ರಿಂಗಿನ ಗುಣ ಬಂದಿರುವುದು ತಣ್ಣಗಿರುವಾಗಲೇ ಉರುಳೆಗಳ ನಡುವೆ ಒತ್ತಿ ಎಳೆದುದರಿಂದ. ಕೆಂಪಗೆ ಕಾಸಿದರೆ ಆ ಗುಣ ಅಳಿದುಹೋಗುತ್ತದೆ, ಲೇಪವೂ ಸುಟ್ಟುಹೋಗುತ್ತದೆ. ತಾಮ್ರಕ್ಕೆ ಜೀವ ಕೊಡುವ ಬೆಂಕಿಯೇ ಈ ಉಕ್ಕಿನ ಜೀವವನ್ನು ತೆಗೆಯುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೋ ಅಂಟಿನ ಪೇಸ್ಟನ್ನೋ ದಪ್ಪವಾಗಿ ಬಳಿದರೆ ದೋಷ ಕೆಲಕಾಲ ಮರೆಯಾದೀತು, ಪರಿಹಾರವಾಗದು. ಹಿಂಡಿ ಹೊರಬಂದ ಪೇಸ್ಟು ನೀರಿನ ಸಣ್ಣ ದಾರಿಗಳನ್ನು ಮುಚ್ಚಿ ಹೊಸ ತೊಂದರೆಯನ್ನು ತರಬಹುದು.

ಪಂದ್ಯದ ವಾಹನಗಳ ಕೆಲವು ಕುಶಲಕರ್ಮಿಗಳು ಉಕ್ಕಿನ ಪದರಗಳನ್ನು ಬಿಡಿಸಿ, ತೊಳೆದು, ಹೊಸದಾಗಿ ಲೇಪ ಸಿಂಪಡಿಸಿ ಮತ್ತೆ ಬಳಸುವುದು ನಿಜ. ಆದರೆ ಅವರು ಆಗಾಗ ಎಂಜಿನ್ ಬಿಚ್ಚುವವರು; ಸೋರಿದರೆ ಮತ್ತೆ ಬಿಚ್ಚಲು ಸಿದ್ಧರಾಗಿಯೇ ಇರುವವರು. ಗೃಹಸ್ಥನ ಕಾರು ಒಮ್ಮೆ ಮುಚ್ಚಿದ ಮೇಲೆ ವರ್ಷಗಳ ಕಾಲ ಓಡಬೇಕಾದುದು. ಆದುದರಿಂದಲೇ ವಾಹನ ತಯಾರಕರ ಕೈಪಿಡಿಗಳು ಹೆಡ್ ಇಳಿಸಿದಾಗ ಹೊಸ ಗ್ಯಾಸ್ಕೆಟ್ಟನ್ನೇ ಹಾಕುವಂತೆ ವಿಧಿಸುತ್ತವೆ.

ಲೆಕ್ಕವನ್ನೂ ನೋಡಬೇಕು. ಹೆಡ್ ಇಳಿಸಿ ಏರಿಸುವ ಕೂಲಿ, ಲೇಥಿನಲ್ಲಿ ಹೆಡ್ಡಿನ ಫೇಸಿಂಗ್, ಹೊಸ ಎಣ್ಣೆ, ಹೊಸ ಕೂಲೆಂಟ್, ವಾಹನ ನಿಂತ ದಿನಗಳು, ಇವನ್ನೆಲ್ಲ ಕೂಡಿಸಿದರೆ ಗ್ಯಾಸ್ಕೆಟ್ಟಿನ ಬೆಲೆ ಅದರಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲನ್ನು ಉಳಿಸಹೋಗಿ ದೊಡ್ಡ ಪಾಲನ್ನು ಎರಡು ಸಲ ತೆರುವುದು ಮಿತವ್ಯಯವೆನಿಸದು.

ನಮ್ಮ ಸೀಮೆಯ ಬಿಸಿಲು, ನಮ್ಮ ಸೀಮೆಯ ನೀರು

ಗ್ಯಾಸ್ಕೆಟ್ಟು ಕೆಡುವುದಕ್ಕೆ ದೊಡ್ಡ ಕಾರಣ ಎಂಜಿನ್ ಮಿತಿಮೀರಿ ಕಾಯುವುದು. ಕೃಷ್ಣಾ–ತುಂಗಭದ್ರೆಯರ ನಡುವಿನ ನಮ್ಮ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ಪ್ರತಿವರ್ಷದ ಅನುಭವ. ಬಿಸಿಲಿನ ಜೊತೆಗೆ ನೀರೂ ಸೇರುತ್ತದೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದರೂ, ಹಳ್ಳಿಗಳಲ್ಲಿ ರೇಡಿಯೇಟರಿಗೆ ಕೈಗೆ ಸಿಗುವುದು ಬಹುಮಟ್ಟಿಗೆ ಬೋರ್‌ವೆಲ್ಲಿನ ಗಡಸು ನೀರು. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನಮ್ಮ ತಾಯಂದಿರು ದಿನವೂ ಕಾಣುತ್ತಾರೆ. ಅದೇ ಪದರ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿಯೂ ಕಟ್ಟುತ್ತದೆ. ಉಪ್ಪಿನಂಶವು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆಗ ಶಾಖ ಹೊರಹೋಗದೆ ಹೆಡ್ ಡೊಂಕಾಗುತ್ತದೆ, ಗ್ಯಾಸ್ಕೆಟ್ಟು ಸೋಲುತ್ತದೆ.

ಆದ್ದರಿಂದ ಉಳಿತಾಯ ಮಾಡಬಯಸುವವರು ಮಾಡಬೇಕಾದುದು ಇಲ್ಲಿ. ತಯಾರಕರು ಹೇಳಿದ ಕೂಲೆಂಟನ್ನು, ಇನ್ವರ್ಟರ್ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ನೀರಿನೊಡನೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ಗಡುವು ಬಂದಾಗ ಬದಲಿಸಬೇಕು. ಕೂಲೆಂಟ್ ಕುದಿಯುವ ಬಿಂದುವನ್ನು ಏರಿಸುವುದಲ್ಲದೆ ತುಕ್ಕನ್ನೂ ತಡೆಯುತ್ತದೆ. ದಾರಿಯಲ್ಲಿ ಶಾಖದ ಮುಳ್ಳು ಮೇಲೇರಿದರೆ ವಾಹನವನ್ನು ಒಡನೆ ನಿಲ್ಲಿಸಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆಗೆಯಲೇಬಾರದು. ಚಿಮ್ಮುವ ಆವಿ ಮುಖವನ್ನು ಸುಡುತ್ತದೆ.

ಗೃಹಸ್ಥರು ಕೇಳಿ ತಿಳಿಯಬೇಕಾದುದು

ನೀರು ಕಾರಣವಿಲ್ಲದೆ ಕಡಿಮೆಯಾಗುವುದು, ಹೊಗೆಕೊಳವೆಯಿಂದ ನಿಲ್ಲದೆ ಬಿಳಿಯ ಹೊಗೆ ಬರುವುದು, ಕೂಲೆಂಟಿನ ಡಬ್ಬಿಯಲ್ಲಿ ಗುಳ್ಳೆ ಏಳುವುದು, ಎಂಜಿನ್ ಎಣ್ಣೆ ಹಾಲು ಬೆರೆತಂತಾಗುವುದು, ಇವು ಗ್ಯಾಸ್ಕೆಟ್ಟು ಹೋಗಿರುವ ಸೂಚನೆಗಳು. ಹೆಡ್ ಇಳಿಸಲೇಬೇಕಾಗಿ ಬಂದಾಗ ಮೆಕ್ಯಾನಿಕರೊಡನೆ ಸೌಜನ್ಯದಿಂದ ನಾಲ್ಕು ಮಾತು ಕೇಳಬೇಕು.

ಒಂದು: ಹೆಡ್ ಮತ್ತು ಬ್ಲಾಕು ಸಮತಟ್ಟಾಗಿವೆಯೇ ಎಂದು ನೇರ ಪಟ್ಟಿಯಿಟ್ಟು ನೋಡಿದಿರಾ? ಅನೇಕ ಎಂಜಿನ್‌ಗಳಲ್ಲಿ 0.05 ಮಿಲಿಮೀಟರಿನಷ್ಟು ಡೊಂಕೇ ಮಿತಿಯಾಗಿರುತ್ತದೆ. ಉಕ್ಕಿನ ಗ್ಯಾಸ್ಕೆಟ್ಟಿಗೆ ಮೇಲ್ಮೈ ಬಹಳ ನುಣುಪಾಗಿರಬೇಕು. ಮರಳು ಕಾಗದದಿಂದ ಉಜ್ಜಿದರೆ ಸಾಲದು.

ಎರಡು: ಹೊಸ ಗ್ಯಾಸ್ಕೆಟ್ಟು ಸರಿಯಾದ ದಪ್ಪದ್ದೇ? ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ದಪ್ಪವನ್ನು ತೂತುಗಳ ಅಥವಾ ಕಚ್ಚುಗಳ ಎಣಿಕೆಯಿಂದ ಗುರುತಿಸಿರುತ್ತಾರೆ.

ಮೂರು: ಹೆಡ್ ಬೋಲ್ಟುಗಳು ಹೊಸವೇ? ಬಿಗಿಯುವಾಗ ಹಿಗ್ಗುವಂತೆ ಮಾಡಿದ ಬೋಲ್ಟುಗಳನ್ನು ಮತ್ತೆ ಹಾಕಬಾರದು.

ನಾಲ್ಕು: ಟಾರ್ಕ್ ರೆಂಚಿನಿಂದ, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯುವಿರಾ?

ಬಲ್ಲ ಮೆಕ್ಯಾನಿಕರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ತಮ್ಮ ಕಾಯಕವನ್ನು ಮಾಲೀಕರು ಅರಿತು ಗೌರವಿಸುತ್ತಾರೆಂದು ಸಂತೋಷಪಡುತ್ತಾರೆ. ಅಂತೆಯೇ ಮಾಲೀಕರೂ ‘ಹೇಗಾದರೂ ಮಾಡಿ ಇವತ್ತೇ ಕೊಡಿ, ಕಡಿಮೆಯಲ್ಲಿ ಮುಗಿಸಿ’ ಎಂದು ಒತ್ತಾಯಿಸಬಾರದು. ಹಳೆಯ ಗ್ಯಾಸ್ಕೆಟ್ಟು ಮತ್ತೆ ಒಳಸೇರುವುದು ಎಷ್ಟೋ ಸಲ ಮೆಕ್ಯಾನಿಕರ ಇಚ್ಛೆಯಿಂದಲ್ಲ, ಇಂಥ ಒತ್ತಾಯದಿಂದ. ಬೇಕಾದ ಭಾಗ ಊರಿನಲ್ಲಿಲ್ಲದಿದ್ದರೆ ರಾಯಚೂರಿನಿಂದ ತರಿಸಲು ಒಂದು ದಿನ ಕಾಯುವುದು ಲೇಸು.

ಒಂದು ದಿನದ ಈ ತಾಳ್ಮೆ ಏಕೆ ಬೇಕೆಂಬುದನ್ನೂ ಹೇಳಿಬಿಡುತ್ತೇವೆ. ಮಾನ್ವಿಯಿಂದಲೋ ದೇವದುರ್ಗದಿಂದಲೋ ರಾಯಚೂರಿಗೆ ಸುಮಾರು 50 ಕಿಲೋಮೀಟರ್ ದಾರಿ. ಆ ಕಾರು ನಾಳೆ ಹೆರಿಗೆಯ ನೋವು ತಿನ್ನುತ್ತಿರುವ ಸೊಸೆಯನ್ನೋ, ಎದೆನೋವಿನ ಹಿರಿಯರನ್ನೋ ನಗರದ ಆಸ್ಪತ್ರೆಗೆ ಕರೆದೊಯ್ಯಬೇಕಾಗಬಹುದು. ವೈಶಾಖದ ಮಧ್ಯಾಹ್ನ, ನೆರಳಿಲ್ಲದ ದಾರಿಯಲ್ಲಿ ಅದು ಆವಿಯುಗುಳುತ್ತ ನಿಂತರೆ, ಉಳಿಸಿದ ಹಣ ಯಾವ ಪ್ರಯೋಜನಕ್ಕೆ ಬಂದೀತು? ತಾಮ್ರವನ್ನು ಕಾಸಿ ಬಳಸೋಣ, ಕುಳವನ್ನು ಹಣಿಸಿ ಬಳಸೋಣ. ಉಕ್ಕಿನ ಹಳೆಯ ಗ್ಯಾಸ್ಕೆಟ್ಟನ್ನು ಮಾತ್ರ ಗುಜರಿಗೆ ಕಳಿಸೋಣ. ಅಲ್ಲಿ ಕರಗಿ ಅದು ಇನ್ನೊಂದು ರೂಪದಲ್ಲಿ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ತಕ್ಕ ಮರುಬಳಕೆ ಅದೇ.