ಅಟ್ಟದ ಮೇಲೆ ಕೊಬ್ಬರಿ, ಕೆಳಗೆ ಚಾರ್ಜಿಗಿಟ್ಟ ಸ್ಕೂಟರ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟವಿದ್ದವರ ಮನೆ ಎಂದರೆ ಅಟ್ಟ ಇರಲೇಬೇಕು. ಕಾಯಿ ಮಟ್ಟೆ ಸಮೇತ ಅಟ್ಟ ಸೇರಿತೆಂದರೆ ಹತ್ತು ಹನ್ನೆರಡು ತಿಂಗಳು ಅಲ್ಲೇ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುವಾಗ ಉಂಡೆ ಕೊಬ್ಬರಿ ಸಿದ್ಧ. ತೋಟವಿಲ್ಲದ ನಮ್ಮಲ್ಲಿ ಅನೇಕರು ಕಾಯಿ ಸುಲಿಯುವುದು, ಕೊಬ್ಬರಿ ಒಡೆಯುವುದು, ಮಂಡಿ ವ್ಯಾಪಾರ, ಮಟ್ಟೆ ಮತ್ತು ನಾರಿನ ಸಾಗಾಣಿಕೆ ಎಂದು ಅದರ ಸುತ್ತಲೇ ಬದುಕುವವರು. ಹಾಗಾಗಿ ಅಟ್ಟವಿಲ್ಲದ ಮನೆಯಲ್ಲೂ ಮೂಲೆಗೊಂದು ಚಿಪ್ಪಿನ ಚೀಲ, ಹಿತ್ತಲಲ್ಲಿ ಮಟ್ಟೆಯ ರಾಶಿ, ಒಲೆಗೆಂದು ಒಣಗಿದ ಗರಿ ಇದ್ದೇ ಇರುತ್ತದೆ.

ಈ ಮನೆಗಳೊಳಗೆ ಈಗ ಎಲೆಕ್ಟ್ರಿಕ್ ಸ್ಕೂಟರ್ ಬಂದಿದೆ. ರಾತ್ರಿ ಮಳೆಗೆ ನೆನೆಯಬಾರದು, ಕಳ್ಳರ ಪಾಲಾಗಬಾರದು ಎಂದು ಅದನ್ನು ತಲೆಬಾಗಿಲ ಒಳಗೆ ನಿಲ್ಲಿಸಿ, ಅಲ್ಲೇ ಪ್ಲಗ್ಗಿಗೆ ಹಾಕಿ ಎಲ್ಲರೂ ಮಲಗುತ್ತಾರೆ. ಮೇಲೆ ಕೊಬ್ಬರಿ, ಕೆಳಗೆ ಬ್ಯಾಟರಿ, ಹೊರಗೆ ಹೋಗುವುದಕ್ಕೆ ಇರುವ ಒಂದೇ ಬಾಗಿಲು ಅದರ ಪಕ್ಕದಲ್ಲಿ. ಈ ಮೂರೂ ಒಂದೇ ಜಾಗದಲ್ಲಿ ಸೇರುವುದೇ ನನ್ನ ಆತಂಕ. ಸ್ಕೂಟರ್ ಬೇಡ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಪೆಟ್ರೋಲ್ ಬೆಲೆಯಲ್ಲಿ ಬಡವನಿಗೆ ಅದು ಆಸರೆಯೇ. ಆದರೆ ಅದನ್ನು ಎಲ್ಲಿ, ಯಾವಾಗ ಚಾರ್ಜ್ ಮಾಡುತ್ತೇವೆ ಎಂಬುದರ ಮೇಲೆ ಜೀವ ನಿಂತಿದೆ.

ಒಣಗಿದ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಸಾಗಾಣಿಕೆಯಲ್ಲಿ ಅಪಾಯ ತರಬಲ್ಲ ಸರಕುಗಳಿಗೆ ವಿಶ್ವಸಂಸ್ಥೆ ಒಂದೊಂದು ಸಂಖ್ಯೆ ಕೊಟ್ಟಿದೆ. ಅದರಲ್ಲಿ ಕೊಬ್ಬರಿಯ ಸಂಖ್ಯೆ 1363. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಸಾಲಿನಲ್ಲಿ ಅದನ್ನು ಇಟ್ಟಿದ್ದಾರೆ. ಅದೇ ಪಟ್ಟಿಯಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯೂ ಇದೆ, ಸಂಖ್ಯೆ 3480. ಸಾಗಿಸುವವರು ಎರಡಕ್ಕೂ ಎಚ್ಚರಿಕೆ ವಹಿಸುತ್ತಾರೆ. ನಾವು ಎರಡನ್ನೂ ಒಂದೇ ಸೂರಿನಡಿ ಇಟ್ಟು ನಿದ್ದೆ ಮಾಡುತ್ತಿದ್ದೇವೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಇನ್ವರ್ಟರ್‌ಗೆ ಸಾಮಾನ್ಯವಾಗಿ ಇರುವ ದೊಡ್ಡ ಬ್ಯಾಟರಿ ಸೀಸ ಮತ್ತು ಆಸಿಡ್‌ನದು. ಆಸಿಡ್ ಚೆಲ್ಲಿ ಚರ್ಮ ಸುಡುವುದು, ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುವುದು ಅದರ ತೊಂದರೆ. ಮೊಬೈಲ್, ಪವರ್ ಬ್ಯಾಂಕ್, ಕಿವಿಗೆ ಸಿಕ್ಕಿಸುವ ಇಯರ್‌ಬಡ್, ಹೊಸ ಸ್ಕೂಟರ್, ಈಚಿನ ಕೆಲವು ಔಷಧಿ ಹೊಡೆಯುವ ಸ್ಪ್ರೇಯರ್‌ಗಳಲ್ಲಿ ಇರುವುದು ಲಿಥಿಯಂ ಅಯಾನ್. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಈ ಬಗೆಯ ಬ್ಯಾಟರಿಗೆ ಬುನಾದಿ ಹಾಕಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಸಣ್ಣ ಜಾಗದಲ್ಲಿ ಬಹಳ ಶಕ್ತಿ ಹಿಡಿದಿಡುವುದು ಅದರ ಗುಣ. ಅಪಾಯವೂ ಆ ಗುಣದಿಂದಲೇ.

ಅದರ ಒಳಗೆ ಎರಡು ತೆಳು ಹಾಳೆಗಳು ಚಾಪೆಯಂತೆ ಸುರುಳಿ ಸುತ್ತಿಕೊಂಡಿರುತ್ತವೆ. ಅವು ಒಂದಕ್ಕೊಂದು ತಾಗದಂತೆ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ, ಸುತ್ತ ಬೇಗ ಬೆಂಕಿ ಹಿಡಿಯುವ ದ್ರವ. ಬಿದ್ದು ಜಜ್ಜಿದರೆ, ನೀರು ಹೊಕ್ಕರೆ, ಅಳತೆ ಮೀರಿ ಚಾರ್ಜ್ ಆದರೆ, ಕಾರ್ಖಾನೆಯಲ್ಲೇ ಲೋಹದ ಒಂದು ಕಣ ಒಳಗೆ ಉಳಿದಿದ್ದರೆ ಪರದೆ ತೂತಾಗುತ್ತದೆ. ಹಾಳೆಗಳು ತಾಗುತ್ತವೆ, ಬಿಸಿ ಏರುತ್ತದೆ. ಸುಮಾರು 130 ಡಿಗ್ರಿಗೆ ಸಾಮಾನ್ಯ ಪರದೆ ಕರಗತೊಡಗುತ್ತದೆ. ಅಲ್ಲಿಂದ ಮುಂದೆ ಬಿಸಿಯೇ ಬಿಸಿಯನ್ನು ಹುಟ್ಟಿಸುತ್ತದೆ. ಸ್ಕೂಟರಿನ ಪೆಟ್ಟಿಗೆಯಲ್ಲಿ ಇಂಥ ಕೋಶಗಳು ಹತ್ತಾರು, ಕೆಲವೊಮ್ಮೆ ನೂರಾರು ಒತ್ತೊತ್ತಾಗಿ ಕೂತಿರುತ್ತವೆ. ಒಂದು ಹೊತ್ತಿದರೆ ಪಕ್ಕದ್ದು, ಅದರಿಂದ ಅದರ ಪಕ್ಕದ್ದು. ಮೇನ್ ಸ್ವಿಚ್ ತೆಗೆದರೂ ಇದು ನಿಲ್ಲುವುದಿಲ್ಲ, ಏಕೆಂದರೆ ಬೆಂಕಿಗೆ ಬೇಕಾದ್ದೆಲ್ಲ ಪೆಟ್ಟಿಗೆಯೊಳಗೇ ಇದೆ. ಎಲ್‌ಎಫ್‌ಪಿ ಎಂಬ ಬಗೆಯ ಬ್ಯಾಟರಿ ಹೆಚ್ಚು ಬಿಸಿ ತಡೆಯುತ್ತದೆ. ಕೊಳ್ಳುವಾಗ ಅದನ್ನು ಕೇಳಿ ಪಡೆಯುವುದು ಒಳ್ಳೆಯದು. ಆದರೆ ಸುಡುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮದ್ದೂರು ನಮಗೆ ದೂರದ ಊರಲ್ಲ. ಆ ತಾಲ್ಲೂಕಿನ ವಳಗೆರೆಹಳ್ಳಿಯಲ್ಲಿ 2023ರ ಮಾರ್ಚ್‌ನಲ್ಲಿ ಮನೆಯೊಳಗೆ ಚಾರ್ಜಿಗೆ ಹಾಕಿದ ಸ್ಕೂಟರ್ ಕೆಲವೇ ನಿಮಿಷಗಳಲ್ಲಿ ಸಿಡಿದು ಮನೆಯ ಸಾಮಾನು ಸುಟ್ಟಿತು. ಬೆಳಗಿನ ಹೊತ್ತು, ಎಲ್ಲರೂ ಎದ್ದಿದ್ದರು, ಜೀವಹಾನಿ ಆಗಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗಿಟ್ಟಿದ್ದ ಸ್ಕೂಟರ್ ಹೊತ್ತಿಕೊಂಡಾಗ ತಂದೆ ಮತ್ತು 13 ವರ್ಷದ ಮಗಳು ಹೊಗೆಗೆ ಉಸಿರುಗಟ್ಟಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಕೆಳಗೆ ಸ್ಕೂಟರ್ ಮಳಿಗೆ, ಮೇಲೆ ಲಾಡ್ಜ್ ಇದ್ದ ಕಟ್ಟಡದಲ್ಲಿ ಬೆಂಕಿ ಬಿತ್ತು. ಹೊಗೆ ಮೆಟ್ಟಿಲಿನ ದಾರಿ ಹಿಡಿದು ಮೇಲೇರಿತು. ಎಂಟು ಮಂದಿ ಸತ್ತರು. ಬೆಂಗಳೂರಿನ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ 2024ರ ನವೆಂಬರ್ 19ರಂದು ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆ ಹೊತ್ತಿದಾಗ ಒಳಗೆ ಸಿಕ್ಕಿಕೊಂಡ ಇಪ್ಪತ್ತು ವರ್ಷದ ಹೆಣ್ಣುಮಗಳು ಹೊರಬರಲಾಗಲಿಲ್ಲ.

ಇವುಗಳಲ್ಲಿ ಸತ್ತವರ ಕಡೆ ನೋಡಿ. ಜೀವ ತೆಗೆದದ್ದು ಬಹುತೇಕ ಹೊಗೆ, ಮತ್ತು ಮುಚ್ಚಿಹೋದ ದಾರಿ. ವಳಗೆರೆಹಳ್ಳಿಗೂ ವೆಲ್ಲೂರಿಗೂ ಇರುವ ವ್ಯತ್ಯಾಸದಲ್ಲಿ ಹಗಲು ರಾತ್ರಿಯ ಪಾಲು ದೊಡ್ಡದು.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಜಾಗವಿದ್ದವರು ಮನೆಯ ಹೊರಗೆ, ಕಾಂಪೌಂಡ್ ಗೋಡೆಯ ಬದಿಗೆ ಒಂದು ಸಣ್ಣ ತಗಡಿನ ಮಾಡು ಇಳಿಸಿ. ಕೊಬ್ಬರಿ ಅಟ್ಟ, ಮಟ್ಟೆ ರಾಶಿ, ಕೊಟ್ಟಿಗೆ, ಗ್ಯಾಸ್ ಸಿಲಿಂಡರ್ ಇವುಗಳಿಂದ ದೂರ ಇರಲಿ. ಅಲ್ಲಿಗೆ ಅರ್ತಿಂಗ್ ಇರುವ, ಎಂಸಿಬಿ ಹಾಕಿದ ಬೇರೆಯೇ ಪಾಯಿಂಟ್ ಎಳೆಸಿ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ತೂರಿಸುವ ಕೆಲಸ ಬೇಡ. ಕಳ್ಳತನದ ಭಯಕ್ಕೆ ಒಂದು ಸರಪಳಿ ಸಾಕು. ಪೇಟೆಯ ಗಲ್ಲಿಗಳಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಇರುವವರಿಗೆ ಈ ಮಾತು ಕೇಳಿ ನಗು ಬರಬಹುದು. ಅವರಿಗೆ ನಾನು ಹೇಳುವುದು ಎರಡೇ: ಹಗಲು, ಯಾರಾದರೂ ಎಚ್ಚರವಾಗಿರುವಾಗ ಮಾತ್ರ ಚಾರ್ಜಿಗೆ ಹಾಕಿ, ಮಲಗುವವರಿಗೂ ಬಾಗಿಲಿಗೂ ನಡುವೆ ಬ್ಯಾಟರಿ ಇರಬಾರದು. ಬ್ಯಾಟರಿ ಕಳಚಿ ಒಳಗೆ ತರುವ ಸ್ಕೂಟರಿಗೂ ಇದೇ ಮಾತು. ಹಾಸಿಗೆ, ಪರದೆ, ಗೋಣಿಚೀಲದ ಪಕ್ಕ ಬೇಡ. ಬರಿ ನೆಲದ ಮೇಲೆ, ಕಿಟಕಿಯ ಬಳಿ ಇಡಿ.

ಏಪ್ರಿಲ್ ಬಿಸಿಲಲ್ಲಿ ಹುಳಿಯಾರಿಗೆ ಹೋಗಿ ಬಂದ ಸ್ಕೂಟರನ್ನು ಇಳಿದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸಬೇಡಿ. ಅರ್ಧ ಗಂಟೆಯಾದರೂ ನೆರಳಲ್ಲಿ ಆರಲಿ.

ಚಾರ್ಜರ್ ವಿಷಯಕ್ಕೆ ತುಸು ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಹೆಚ್ಚು ಕಾಣುವ ತಪ್ಪು ಇದು. ಗಂಟೆಗೆ 25 ಕಿಲೋಮೀಟರ್ ಮೀರದ, ನೋಂದಣಿ ಬೇಡದ ಅಗ್ಗದ ಸ್ಕೂಟರ್‌ಗಳು ಹಲವು ಸೀಸದ ಬ್ಯಾಟರಿಯೊಂದಿಗೆ ಬರುತ್ತವೆ. ಎರಡು ವರ್ಷಕ್ಕೆ ಅದು ಸೋತಾಗ ಯಾರೋ ಕಟ್ಟಿಕೊಟ್ಟ ಲಿಥಿಯಂ ಪೆಟ್ಟಿಗೆ ಕೂರಿಸುತ್ತಾರೆ, ಚಾರ್ಜರ್ ಮಾತ್ರ ಹಳೆಯದೇ. ಎರಡರ ಮೇಲೂ 48 ವೋಲ್ಟ್ ಎಂದೇ ಬರೆದಿರುತ್ತದಲ್ಲ! ಆದರೆ 48 ವೋಲ್ಟಿನ ಸೀಸದ ಬ್ಯಾಟರಿಯ ಚಾರ್ಜರ್ 58 ವೋಲ್ಟಿನ ಆಸುಪಾಸಿಗೆ ಏರುತ್ತದೆ. ಹದಿಮೂರು ಕೋಶಗಳ ಸಾಲಿನ ಲಿಥಿಯಂ ಪೆಟ್ಟಿಗೆ 54.6 ವೋಲ್ಟಿಗೇ ತುಂಬಿರುತ್ತದೆ. ಪೆಟ್ಟಿಗೆಯೊಳಗಿನ ಕಾವಲು ಸರ್ಕ್ಯೂಟ್ ಒಳ್ಳೆಯದಾಗಿದ್ದರೆ ಅದು ತಡೆಯುತ್ತದೆ. ಕಳಪೆಯಾಗಿದ್ದರೆ ತುಂಬಿದ ಕೊಡಕ್ಕೆ ರಾತ್ರಿಯೆಲ್ಲ ನೀರು ಬಿಟ್ಟಂತೆ. ಬ್ಯಾಟರಿ ಬದಲಿಸಿದರೆ ಚಾರ್ಜರನ್ನೂ ಬದಲಿಸಿ, ಎರಡಕ್ಕೂ ರಸೀದಿ ಕೇಳಿ. ಬ್ಯಾಟರಿ ಸುರಕ್ಷತೆಗೆ ಎಐಎಸ್ 156 ಎಂಬ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ತಂದಿತು. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವವರು ಅದು ತಯಾರಾದ ತಿಂಗಳನ್ನು ನೋಡುವುದು ಈ ಕಾರಣಕ್ಕೆ.

ಮೊಬೈಲಿಗೆ ಬರೋಣ. ಮನೆಯಲ್ಲಿ ಹೊಸ ಫೋನ್ ದುಡಿಯುವವರ ಕೈಯಲ್ಲಿ, ಅದಕ್ಕಿಂತ ಹಳೆಯದು ಅಮ್ಮನ ಬಳಿ, ಎಲ್ಲಕ್ಕಿಂತ ಹಳೆಯದು ಮಗುವಿನ ಕೈಯಲ್ಲಿ. ಅಂದರೆ ಮನೆಯ ಅತ್ಯಂತ ಸೋತ ಬ್ಯಾಟರಿ, ಚಾರ್ಜಿಗೆ ಸಿಕ್ಕಿಸಿದಂತೆಯೇ, ಹಾಸಿಗೆಯಲ್ಲಿ ಮಗುವಿನ ಮುಖದ ಮುಂದೆ ವಿಡಿಯೋ ತೋರಿಸುತ್ತಿರುತ್ತದೆ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದರೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುವುದನ್ನೂ ಕಂಡಿದ್ದೇನೆ. ಉಬ್ಬಿದ್ದು ಒಳಗೆ ಗ್ಯಾಸ್ ತುಂಬಿದ್ದರ ಗುರುತು. ಅದನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜ್ ಮಾಡಲೇಬಾರದು. ರಮಝಾನಿನಲ್ಲಿ ಸಹರಿಗೆ ಏಳಲು ಅಲಾರಾಂ ಇಟ್ಟು ಫೋನನ್ನು ದಿಂಬಿನಡಿ ಚಾರ್ಜಿಗಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ದಿಂಬು ಬಿಸಿಯನ್ನು ಹೊರಬಿಡುವುದಿಲ್ಲ. ಎರಡು ಮಾರು ದೂರದ ಗೂಡಿನಲ್ಲಿಟ್ಟರೆ ಎದ್ದು ಹೋಗಿ ಅಲಾರಾಂ ನಿಲ್ಲಿಸಬೇಕಾಗುತ್ತದೆ, ಸಹರಿಯೂ ತಪ್ಪುವುದಿಲ್ಲ.

ಹಜ್, ಉಮ್ರಾಕ್ಕೆ ಹೊರಟವರು ಕೇಳುವುದುಂಟು. ಪವರ್ ಬ್ಯಾಂಕ್ ವಿಮಾನದ ಹೊಟ್ಟೆಗೆ ಹಾಕುವ ದೊಡ್ಡ ಸೂಟ್‌ಕೇಸಿನಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು. ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್ ಅವರ್. 20,000 ಎಂಎಎಚ್ ಎಂದು ಬರೆದಿರುವುದು ಸುಮಾರು 74 ಆಗುತ್ತದೆ. ದಕ್ಷಿಣ ಕೊರಿಯಾದಲ್ಲಿ 2025ರ ಜನವರಿಯಲ್ಲಿ ನಿಂತಿದ್ದ ವಿಮಾನವೊಂದು ಸುಟ್ಟಾಗ ತನಿಖೆಗಾರರ ಬೆರಳು ತಲೆಯ ಮೇಲಿನ ಗೂಡಿನಲ್ಲಿದ್ದ ಪವರ್ ಬ್ಯಾಂಕಿನ ಕಡೆ ಹೋಯಿತು. ಆದ್ದರಿಂದ ಅದನ್ನು ಕಣ್ಣಿಗೆ ಕಾಣುವಂತೆ ಸೀಟಿನ ಬಳಿ ಇಟ್ಟುಕೊಳ್ಳಿ.

ಇನ್ನು ಹೊತ್ತಿಕೊಂಡೇಬಿಟ್ಟರೆ. ಮೊಬೈಲ್, ಪವರ್ ಬ್ಯಾಂಕ್‌ನಂಥ ಸಣ್ಣದಾದರೆ ಗೋಡೆಯ ಸ್ವಿಚ್ ತೆಗೆದು ಬಕೆಟ್ ಬಕೆಟ್ ನೀರು ಸುರಿಯಿರಿ. ಲಿಥಿಯಂಗೆ ನೀರು ತಾಗಿಸಬಾರದು ಎಂಬ ಮಾತು ಈ ಬ್ಯಾಟರಿಗೆ ಹೊಂದುವುದಿಲ್ಲ. ಇಲ್ಲಿ ಬೇಕಾದದ್ದು ತಂಪು, ಅದನ್ನು ಕೊಡುವುದು ನೀರೇ. ಮರಳು, ಕಂಬಳಿ ಜ್ವಾಲೆಯನ್ನು ಅಡಗಿಸಬಹುದು, ಒಳಗಿನ ಬಿಸಿಯನ್ನು ಇಳಿಸುವುದಿಲ್ಲ. ಸ್ಕೂಟರ್ ಆದರೆ ನಂದಿಸುವ ಸಾಹಸಕ್ಕೆ ಹೋಗಬೇಡಿ. ಸಿಳ್ಳೆಯಂಥ ಸದ್ದು, ಬಿಳಿ ಹೊಗೆ ಕಂಡ ಕ್ಷಣವೇ ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಗೆ ಬನ್ನಿ, ಸಾಧ್ಯವಾದರೆ ಆ ಕೋಣೆಯ ಬಾಗಿಲು ಎಳೆದುಕೊಳ್ಳಿ, 112ಕ್ಕೆ ಕರೆ ಮಾಡಿ. ದಾಖಲೆ ಪತ್ರಕ್ಕೆ, ಅಟ್ಟದ ಕಾಯಿಗೆ ಎಂದು ಒಳಗೆ ಮರಳುವುದು ಬೇಡ. ಆರಿದ ಬ್ಯಾಟರಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರವೂ ಮತ್ತೆ ಹೊತ್ತಬಹುದು. ಹಾಗಾಗಿ ಅದು ಬಯಲಲ್ಲೇ ಇರಲಿ.

ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಗಡಿಯಾರ ನೋಡಿ 20 ನಿಮಿಷ. ಸುಟ್ಟ ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನವುಂಟು. ಐಸ್ ಬೇಡ. ನಮ್ಮದು ತೆಂಗಿನ ನಾಡು, ಎಣ್ಣೆ ಕೈಗೆ ಮೊದಲು ಸಿಗುತ್ತದೆ. ಆದರೆ ಹಸಿ ಸುಟ್ಟ ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ. ಟೂತ್‌ಪೇಸ್ಟ್, ಇಂಕು, ಅರಿಶಿನ ಮೆತ್ತಿಕೊಂಡು ನನ್ನ ದವಾಖಾನೆಗೆ ಬರುವವರ ಗಾಯ ಎಷ್ಟು ಆಳ ಎಂದು ನೋಡಲು ಮೊದಲು ಅದನ್ನೆಲ್ಲ ತೊಳೆಯಬೇಕಾಗುತ್ತದೆ, ಆ ನೋವು ಬೇರೆ. ಹಕೀಮರಾಗಿ ನೀವು ಮರ್ಹಮ್ ಕೊಡುವುದಿಲ್ಲವೇ ಎಂದು ಕೇಳುತ್ತಾರೆ. ಸುಟ್ಟ ನೋವಿಗೆ ತಣ್ಣೀರನ್ನು ಸಾವಿರ ವರ್ಷದ ಹಿಂದೆಯೇ ಹೇಳಿದವರು ನಮ್ಮ ಯುನಾನಿ ಪರಂಪರೆಯ ಅಲ್ ರಾಝಿ ಮತ್ತು ಇಬ್ನ್ ಸೀನಾ. ಮರ್ಹಮಿನ ಸರದಿ ಆಮೇಲೆ, ಅದೂ ಸಣ್ಣ ಗಾಯಕ್ಕೆ. ಊತ ಬರುವ ಮೊದಲೇ ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಚರ್ಮಕ್ಕೆ ಅಂಟಿದ ನೈಲಾನ್ ಬಟ್ಟೆಯನ್ನು ಕೀಳಬೇಡಿ, ಸುತ್ತ ಕತ್ತರಿಸಿ. ಮಗುವಾದರೆ ಗಾಯಕ್ಕೆ ನೀರು ಬಿಡುತ್ತಾ ಉಳಿದ ಮೈಯನ್ನು ಬೆಚ್ಚಗಿಡಿ. ನಂತರ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಮುಖ, ಕೈ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಅದು ನನ್ನಂಥವರ ದವಾಖಾನೆಯ ಕೆಲಸವಲ್ಲ, 108 ಕರೆಯಿರಿ.

ಹೊಗೆ ಕುಡಿದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ ಬ್ಯಾಟರಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಫ್ಲೋರೈಡ್ ಎಂಬ ಅನಿಲವೂ ಇರುತ್ತದೆ. ಅದು ಶ್ವಾಸಕೋಶವನ್ನು ಒಳಗಿಂದ ಸುಡುತ್ತದೆ, ರಕ್ತದ ಕ್ಯಾಲ್ಸಿಯಂ ಹೀರುತ್ತದೆ. ಮೈಮೇಲೆ ಒಂದು ಗಾಯವೂ ಇಲ್ಲ, ನಡೆದಾಡುತ್ತಿದ್ದಾರೆ ಎಂದು ಸುಮ್ಮನಿದ್ದರೆ ಕೆಲವು ಗಂಟೆ ಕಳೆದು ಉಸಿರು ಕಟ್ಟಬಹುದು. ದನಿ ಒಡೆದಿದ್ದರೆ, ಮೂಗಿನ ಕೂದಲು ಸುಟ್ಟಿದ್ದರೆ, ಕಫದಲ್ಲಿ ಮಸಿ ಕಂಡರೆ ಒಂದು ನಿಮಿಷವೂ ತಡ ಬೇಡ. ಬ್ಯಾಟರಿ ಹೊಗೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅದರಿಂದ ಚಿಕಿತ್ಸೆ ಬದಲಾಗುತ್ತದೆ. ತಿಪಟೂರಿನಿಂದ ತುಮಕೂರು ಜಿಲ್ಲಾಸ್ಪತ್ರೆಗೆ ಸುಮಾರು 75 ಕಿಲೋಮೀಟರ್, ದೊಡ್ಡ ಸುಟ್ಟಗಾಯಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರಕ್ಕೆ ಅದರ ಹೆಚ್ಚುಕಡಿಮೆ ಎರಡರಷ್ಟು. ಈ ದೂರವನ್ನು ಲೆಕ್ಕದಲ್ಲಿಟ್ಟುಕೊಂಡೇ ಹೊರಡುವ ನಿರ್ಧಾರ ಬೇಗ ಆಗಬೇಕು.

ಕೊನೆಗೆ ಗುಜರಿ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಗುಜರಿ ವ್ಯಾಪಾರದಿಂದ, ಮೊಬೈಲ್ ರಿಪೇರಿಯಿಂದ. ಹಳೆ ಬ್ಯಾಟರಿ ತೂಕಕ್ಕೆ ಬರುತ್ತದೆ, ತಾಮ್ರ ಅಲ್ಯೂಮಿನಿಯಂ ಸಿಗುತ್ತದೆಂದು ಅದನ್ನು ಸುತ್ತಿಗೆಯಲ್ಲಿ ಒಡೆಯಲು ಹುಡುಗರನ್ನು ಕೂರಿಸುತ್ತಾರೆ. ಸತ್ತಂತೆ ಕಾಣುವ ಬ್ಯಾಟರಿಯಲ್ಲೂ ಹೊತ್ತಿಕೊಳ್ಳುವಷ್ಟು ಶಕ್ತಿ ಉಳಿದಿರುತ್ತದೆ. ಅಂಗಡಿಯಲ್ಲಿ ಅದಕ್ಕೆ ರಟ್ಟು, ಪ್ಲಾಸ್ಟಿಕ್ಕಿನಿಂದ ದೂರ ಮರಳು ತುಂಬಿದ ಕಬ್ಬಿಣದ ಡಬ್ಬವೊಂದನ್ನು ಮೀಸಲಿಡಿ, ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಬ್ಯಾಟರಿ ತ್ಯಾಜ್ಯದ 2022ರ ನಿಯಮದಂತೆ ಹಳೆಯದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಸ್ಕೂಟರ್ ಬ್ಯಾಟರಿ ಬದಲಿಸುವಾಗ ಮಾರಿದವರ ಬಳಿಯೇ ಹಳೆಯದನ್ನು ಬಿಟ್ಟು ಬನ್ನಿ. ಮನೆಗೆ ತಂದು ಅಟ್ಟದ ಮೂಲೆಯಲ್ಲಿ ಎಸೆದಿದ್ದರೆ, ನಾಳೆ ಬೆಳಕಿರುವಾಗ ಹತ್ತಿ ಅದನ್ನು ಕೆಳಗಿಳಿಸಿ.