ಪೆಟ್ಟಿಗೆ ಬಂತು, ಕಿರೀಟ ಬರಲಿಲ್ಲ!

ಹಿಂದೆ ಯಕ್ಷಗಾನ ಮೇಳಗಳು ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಸಾಗುತ್ತಿದ್ದ ಕಾಲದಲ್ಲಿ ವೇಷಭೂಷಣಗಳೆಲ್ಲ ಮರದ ಪೆಟ್ಟಿಗೆಗಳಲ್ಲಿ ತಲೆಹೊರೆಯಾಗಿ ಹೋಗುತ್ತಿದ್ದವು. ಇಂದಿನ ಆಟ ಮಧೂರಿನ ಗದ್ದೆಯಲ್ಲಾದರೆ ನಾಳಿನದು ಕುಂಬಳೆಯಲ್ಲಿ. ಇಲ್ಲಿನ ಚೌಕಿಯ ಮೂಲೆಯಲ್ಲಿ ಕಿರೀಟವೊಂದು ಉಳಿದುಹೋಯಿತೆಂದರೆ ಅಲ್ಲಿ ರಾವಣನ ಪ್ರವೇಶಕ್ಕೆ ಸಂಚಕಾರ. ಭಾಗವತರ ಕಂಠದಲ್ಲಿ ಊನವಿಲ್ಲ, ವೇಷಧಾರಿಯ ನಾಟ್ಯದಲ್ಲಿ ಊನವಿಲ್ಲ. ಊನವಿರುವುದು ಪೆಟ್ಟಿಗೆ ಕಟ್ಟಿದುದರಲ್ಲಿ.

ಕಂಪ್ಯೂಟರಿನ ಪ್ರೋಗ್ರಾಮುಗಳ ಹಣೆಬರಹವೂ ಇದೇ ಎಂಬುದನ್ನು ಈಚೆಗೆ ನಾನು ಅನುಭವದಿಂದ ಕಲಿಯಬೇಕಾಯಿತು. ನನ್ನಂತೆಯೇ ಬಿಡುವಿನ ವೇಳೆಯಲ್ಲಿ ಮಕ್ಕಳಿಗಾಗಿ ಏನಾದರೂ ಮಾಡಹೊರಟು, ಕೊನೆಯ ಮೆಟ್ಟಿಲಲ್ಲಿ ಮುಗ್ಗರಿಸಿದ ಅಧ್ಯಾಪಕ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಬೇಸಗೆ ರಜೆಯಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆಯನ್ನು ಅಷ್ಟಿಷ್ಟು ಕಲಿತು, ಕನ್ನಡ ಮಾಧ್ಯಮದ ಚಿಕ್ಕ ಮಕ್ಕಳಿಗಾಗಿ ಒಂದು ಆಟ ತಯಾರಿಸಿದೆ. ಪರದೆಯ ಮೇಲೆ ಆನೆಯ ಚಿತ್ರ ಬಂದರೆ ಮಗು ‘ಆ’, ‘ನೆ’ ಎಂಬ ಅಕ್ಷರಗಳನ್ನು ಹುಡುಕಿ ಜೋಡಿಸಬೇಕು. ಜೋಡಿಸಿದರೆ ಚೆಂಡೆಯ ಒಂದು ಪೆಟ್ಟು ಕೇಳಿಸುತ್ತದೆ. ಇಂಥ 40 ಚಿತ್ರಗಳು. ಮನೆಯ ಲ್ಯಾಪ್‌ಟಾಪಿನಲ್ಲಿ ಆಟ ಸೊಗಸಾಗಿ ನಡೆಯಿತು. ಶಾಲೆ ತೆರೆದ ಮೇಲೆ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹತ್ತಿರದ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹೋದೆ. ಮಕ್ಕಳು ಬೆಂಚಿನ ಮೇಲೆ ಕಾದು ಕುಳಿತಿದ್ದರು. ಫೈಲಿನ ಮೇಲೆ ಎರಡು ಸಲ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಊಹುಂ!

ಅಲ್ಲಿನ ಟೀಚರು ನನ್ನ ಮುಖ ನೋಡಿ ಮರುಕದಿಂದ, “ಇರಲಿ ಮಾಷ್ಟ್ರೇ, ಇಂಗ್ಲಿಷಿನದ್ದೊಂದು ಆಟ ಉಂಟು, ಸದ್ಯಕ್ಕೆ ಮಕ್ಕಳಿಗೆ ಅದನ್ನೇ ಹಾಕುವ” ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ಮಾತು ಮನಸ್ಸನ್ನು ಕೊರೆಯುತ್ತಿತ್ತು.

1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿ ಕನ್ನಡದಲ್ಲಿ ಕಲಿಯುವ ಮಗುವಿಗೆ ಬೇಕಾದುದನ್ನು ನಾವೇ ಮುಂದೆ ನಿಂತು ಒದಗಿಸಿಕೊಳ್ಳಬೇಕಾದ ಸ್ಥಿತಿ ಹೊಸತೇನಲ್ಲ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾದ ಯೋಜನೆಯಿಂದ ಶಾಲೆಗಳಿಗೆ ಕಂಪ್ಯೂಟರ್ ಬಂತು, ಅದರಲ್ಲಿ ಉಬುಂಟು ಆಧಾರಿತ ಸ್ವತಂತ್ರ ತಂತ್ರಾಂಶ ಬಂತು. ಕಾಸು ಕೊಡದೆ ಯಾರು ಬೇಕಾದರೂ ಅದರಲ್ಲಿ ತಮ್ಮ ಭಾಷೆಯ ಕೆಲಸ ಮಾಡಬಹುದು. ನಮ್ಮ ಮಕ್ಕಳು ಗಣಿತದಲ್ಲಿ ಬಳಸುವ ಜಿಯೋಜೀಬ್ರವನ್ನೇ ನೋಡಿ. ಮಾರ್ಕಸ್ ಹೊಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಜಾವಾದಲ್ಲಿ ಅದನ್ನು ಬರೆಯತೊಡಗಿದರು. ಒಬ್ಬ ವಿದ್ಯಾರ್ಥಿಯ ಕೆಲಸ ನಮ್ಮ ತರಗತಿಗೆ ಬಂದು ತಲಪಿದೆ. ನನ್ನ ಆಟ ಮಧೂರಿನಿಂದ ಒಂದು ಹರದಾರಿ ದಾಟಲಾರದೆ ಹೋದರೆ ಹೇಗೆ?

ಜಾವಾ ಭಾಷೆ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ್ದು, 1995ರಲ್ಲಿ ಬಹಿರಂಗವಾಯಿತು. ಹೆಸರು ಬಂದುದು ಕಾಫಿಯಿಂದ. ಒಮ್ಮೆ ಬರೆದರೆ ಯಾವ ಕಂಪ್ಯೂಟರಿನಲ್ಲೂ ಓಡಬೇಕೆಂಬುದು ಅದರ ಆಶಯ. ಅದಕ್ಕಾಗಿ ಪ್ರತಿ ಯಂತ್ರದಲ್ಲೂ ಜಾವಾ ಎಂಬ ದುಭಾಷಿ ಇರಬೇಕಾಗುತ್ತದೆ. ನಾವು ಬರೆದುದು ‘ಕ್ಲಾಸ್’ ಎಂಬ ತುಂಡು ಫೈಲುಗಳಾಗುತ್ತದೆ. ಈ ತುಂಡುಗಳನ್ನೂ ಚಿತ್ರ, ಧ್ವನಿ ಮುಂತಾದವನ್ನೂ ಒಟ್ಟು ಕಟ್ಟಿದ ಗಂಟೇ ‘ಜಾರ್’. 1997ರ ಜಾವಾ 1.1ರೊಂದಿಗೆ ಇದು ಬಂತು. ಒಳಗೆ ಇದು ನಮಗೆಲ್ಲ ಪರಿಚಯವಿರುವ ಜಿಪ್ ಗಂಟೇ ಹೊರತು ಬೇರೇನಲ್ಲ. ಆದುದರಿಂದ ಜಿಪ್ ಬಿಚ್ಚುವ ಯಾವ ತಂತ್ರಾಂಶದಿಂದಲೂ ಜಾರನ್ನು ತೆರೆದು ಒಳಗೇನಿದೆಯೆಂದು ನೋಡಬಹುದು. ಇದು ನೆನಪಿದ್ದರೆ ಅರ್ಧ ಭಯ ಹೋಗುತ್ತದೆ.

ಆ ರಾತ್ರಿ ಬೆಂಗಳೂರಿನಲ್ಲಿ ಇದೇ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿ, “ಆಟ ಓಪನ್ ಆಗುದೇ ಇಲ್ಲ ಮಾರಾಯ” ಎಂದೆ. ಆತ, “ಯಂತ್ರ ಏನು ಹೇಳ್ತದೆ ಅಂತ ಓದಿ ಹೇಳಿ ಮಾಷ್ಟ್ರೇ. ಆಗುದಿಲ್ಲ ಅಂತ ಮಾತ್ರ ಹೇಳಿದರೆ ನನಗೆ ಹೇಗೆ ಗೊತ್ತಾಗ್ಬೇಕು?” ಎಂದ. ಒಂದು ಕಾಲದಲ್ಲಿ ನಾನೇ ಅವನಿಗೆ ತರಗತಿಯಲ್ಲಿ, “ಲೆಕ್ಕ ಬರುವುದಿಲ್ಲ ಎನ್ನಬೇಡ, ಯಾವ ಗೆರೆಯಲ್ಲಿ ತಪ್ಪಿತೆಂದು ಹೇಳು” ಎಂದು ಗದರಿಸಿದ್ದೆ. ಸಾಲ ಬಡ್ಡಿಸಹಿತ ಸಂದಾಯವಾಯಿತು.

ಮೊದಲ ಪಾಠ ಇದೇ. ಎರಡು ಸಲ ಒತ್ತಿದಾಗ ಏನೂ ಆಗದಿದ್ದರೆ ಯಂತ್ರ ಮೌನವಾಗಿದೆ ಎಂದಲ್ಲ. ಅದು ಹೇಳಿದ ಮಾತು ನಮಗೆ ಕಾಣಿಸಲಿಲ್ಲ ಎಂದರ್ಥ. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು, ಫೈಲು ಇರುವ ಫೋಲ್ಡರಿಗೆ ಹೋಗಿ, ‘ಜಾವಾ’ ಎಂದು ಬರೆದು, ಸ್ಥಳ ಬಿಟ್ಟು, ‘-ಜಾರ್’ ಎಂದು ಬರೆದು, ಮತ್ತೆ ಸ್ಥಳ ಬಿಟ್ಟು ಫೈಲಿನ ಹೆಸರು ಬರೆಯಬೇಕು. ಎಲ್ಲವೂ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ. ಆಗ ತಪ್ಪಿನ ಕಾರಣ ಅಲ್ಲಿಯೇ ಬಂದು ಬೀಳುತ್ತದೆ. ಉದ್ದನೆಯ ಪಟ್ಟಿ ಕಂಡು ಹೆದರಬೇಕಾಗಿಲ್ಲ. ಮೊದಲ ಗೆರೆಯನ್ನೂ, ‘ಕಾಸ್ಡ್ ಬೈ’ ಎಂದು ಆರಂಭವಾಗುವ ಗೆರೆಗಳಿದ್ದರೆ ಅವುಗಳಲ್ಲಿ ಕೊನೆಯದನ್ನೂ ಓದಿದರೆ ಹೆಚ್ಚಾಗಿ ಸಾಕು. ಉಬುಂಟುವಿನಲ್ಲಾದರೆ ಫೈಲಿಗೆ ‘ಓಡಬಹುದು’ ಎಂಬ ಅನುಮತಿ ಕೊಡದಿರುವುದರಿಂದಲೂ ಎರಡು ಸಲ ಒತ್ತಿದಾಗ ತೆರೆಯದಿರಬಹುದು. ಫೈಲಿನ ಗುಣಲಕ್ಷಣಗಳ ಪುಟದಲ್ಲಿ ಅದನ್ನು ಗುರುತು ಹಾಕಿ ಸರಿಪಡಿಸಬಹುದು.

ಮರುದಿನ ಶಾಲೆಗೆ ಹೋಗಿ ಹಾಗೆಯೇ ಮಾಡಿದೆ. ‘ನೋ ಮೈನ್ ಮ್ಯಾನಿಫೆಸ್ಟ್ ಎಟ್ರಿಬ್ಯೂಟ್’ ಎಂಬ ಉತ್ತರ ಬಂತು. ಜಾರಿನೊಳಗೆ ‘ಮೆಟಾ-ಇನ್ಫ್’ ಎಂಬ ಫೋಲ್ಡರು, ಅದರಲ್ಲಿ ‘ಮ್ಯಾನಿಫೆಸ್ಟ್’ ಎಂಬ ಚೀಟಿ ಇರುತ್ತದೆ. ಇಷ್ಟು ಕ್ಲಾಸುಗಳಲ್ಲಿ ಮೊದಲು ರಂಗಕ್ಕೆ ಬರಬೇಕಾದವರು ಯಾರು ಎಂಬುದನ್ನು ‘ಮೈನ್-ಕ್ಲಾಸ್’ ಎಂಬ ಗೆರೆಯಲ್ಲಿ ಆ ಚೀಟಿ ಹೇಳಬೇಕು. ನನ್ನ ಚೀಟಿಯಲ್ಲಿ ಆ ಗೆರೆಯೇ ಇರಲಿಲ್ಲ. ಹಾಗಾದರೆ ಮನೆಯಲ್ಲಿ ಹೇಗೆ ಓಡಿತು? ಮನೆಯಲ್ಲಿ ನಾನು ಓಡಿಸಿದ್ದು ಗಂಟನ್ನಲ್ಲ. ಬರೆಯುವ ತಂತ್ರಾಂಶದೊಳಗಿನಿಂದಲೇ ಗುಂಡಿ ಒತ್ತಿ ಓಡಿಸಿದ್ದೆ. ಕಟ್ಟಿದ ಪೆಟ್ಟಿಗೆಯನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ!

ಈ ಗೆರೆ ಬರೆಯುವಾಗಲೂ ಎಚ್ಚರ ಬೇಕು. ವಿವರಣ ಚಿಹ್ನೆಯ ನಂತರ ಒಂದು ಸ್ಥಳ ಬಿಡಬೇಕು. ಕ್ಲಾಸಿನ ಹೆಸರಿಗೆ ಬಾಲವಾಗಿ ‘ಡಾಟ್ ಕ್ಲಾಸ್’ ಸೇರಿಸಬಾರದು. ಕ್ಲಾಸು ಒಂದು ಪ್ಯಾಕೇಜಿನೊಳಗಿದ್ದರೆ ಪ್ಯಾಕೇಜಿನ ಹೆಸರೂ ಸೇರಬೇಕು. ಮನೆತನದ ಹೆಸರಿಲ್ಲದೆ ಬರಿಯ ‘ಗಣಪತಿ’ ಎಂದು ವಿಳಾಸ ಬರೆದರೆ ಅಂಚೆಯವನು ಯಾವ ಗಣಪತಿಗೆ ಕೊಡಬೇಕು? ಕೊನೆಯ ಗೆರೆ ಬರೆದ ಮೇಲೆ ಎಂಟರ್ ಒತ್ತದಿದ್ದರೆ ಆ ಗೆರೆ ಲೆಕ್ಕಕ್ಕೆ ಬಾರದೆ ಹೋಗಬಹುದು. ಹೆಸರಿನಲ್ಲಿ ತಪ್ಪಿದರೆ ಬರುವ ಮಾತು, ‘ಕುಡ್ ನಾಟ್ ಫೈಂಡ್ ಆರ್ ಲೋಡ್ ಮೈನ್ ಕ್ಲಾಸ್’.

ಇದನ್ನು ಸರಿಪಡಿಸಿ ಹೋದರೆ ಎರಡನೆಯ ತೊಡಕು: ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್’. ಜತೆಗೆ 61 ಮತ್ತು 55 ಎಂಬ ಎರಡು ಅಂಕೆಗಳು. ಇದಕ್ಕೊಂದು ಸುಲಭ ಲೆಕ್ಕವಿದೆ. ಅಂಕೆಯಿಂದ 44 ಕಳೆಯಿರಿ. 61ರಲ್ಲಿ 44 ಹೋದರೆ 17. ಅದು ನನ್ನ ಮನೆಯ ಜಾವಾ. 55ರಲ್ಲಿ 44 ಹೋದರೆ 11, ಅದು ಶಾಲೆಯದು. ಹೊಸ ಜಾವಾ ಹಳೆಯ ಗಂಟನ್ನು ಸಾಮಾನ್ಯವಾಗಿ ಓದುತ್ತದೆ. ಹಳೆಯ ಜಾವಾ ಹೊಸ ಗಂಟನ್ನು ಓದಲಾರದು. ಶಾಲೆಯ ಯಂತ್ರವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದುದರಿಂದ ಕಟ್ಟುವಾಗಲೇ ‘ರಿಲೀಸ್ 11’ ಎಂದು ಜಾವಾ ಕಂಪೈಲರಿಗೆ ಹೇಳಿ, ಕೆಳಗಿನ ಮೆಟ್ಟಿಲಿಗೆ ಇಳಿದು ಕಟ್ಟಬೇಕು. ತರಗತಿಯಲ್ಲಿ ಹಿಂದಿನ ಬೆಂಚಿನ ಮಗುವಿಗೂ ತಿಳಿಯುವಂತೆ ಪಾಠ ಹೇಳುವುದಿಲ್ಲವೇ, ಹಾಗೆ.

ಮೂರನೆಯದು ‘ನೋ ಕ್ಲಾಸ್ ಡೆಫ್ ಫೌಂಡ್’. ಚೆಂಡೆಯ ಧ್ವನಿಗಾಗಿ ಇನ್ನೊಬ್ಬರು ಬರೆದ ಒಂದು ಜಾರನ್ನು ಉಪಯೋಗಿಸಿದ್ದೆ. ಅದು ನನ್ನ ಲ್ಯಾಪ್‌ಟಾಪಿನ ಬೇರೊಂದು ಫೋಲ್ಡರಿನಲ್ಲಿ ಕುಳಿತಿತ್ತು. ಪೆನ್‌ಡ್ರೈವಿಗೆ ಬಂದಿರಲೇ ಇಲ್ಲ. ಇದೇ ಆ ಮರೆತ ಕಿರೀಟ. ಪರಿಹಾರ ಎರಡು. ಆ ಜಾರನ್ನೂ ಜತೆಯಲ್ಲೇ ಒಯ್ದು, ಅದು ಎಲ್ಲಿದೆಯೆಂದು ಮ್ಯಾನಿಫೆಸ್ಟಿನ ‘ಕ್ಲಾಸ್-ಪಾತ್’ ಗೆರೆಯಲ್ಲಿ ಬರೆಯುವುದು ಒಂದು. ಎಲ್ಲವನ್ನೂ ಬಿಚ್ಚಿ ಒಂದೇ ದೊಡ್ಡ ಗಂಟಾಗಿ ಕಟ್ಟುವುದು ಇನ್ನೊಂದು. ಹಾಗೆ ಒಟ್ಟು ಕಟ್ಟುವಾಗ ಬೇರೆಯವರ ಜಾರಿಗೆ ಅವರ ಮೊಹರು ಇದ್ದರೆ, ಅಂದರೆ ಮೆಟಾ-ಇನ್ಫ್ ಫೋಲ್ಡರಿನಲ್ಲಿ ‘ಎಸ್‌ಎಫ್’, ‘ಆರ್‌ಎಸ್‌ಎ’ ಬಾಲದ ಫೈಲುಗಳಿದ್ದರೆ, ಹೊಸ ಗಂಟಿನಲ್ಲಿ ಅವನ್ನು ಬಿಡಬೇಕು. ಇಲ್ಲವಾದರೆ ಮೊಹರಿಗೂ ಸರಕಿಗೂ ತಾಳೆಯಾಗದೆ ಜಾವಾ ತಕರಾರು ಮಾಡುತ್ತದೆ.

ಇಷ್ಟಾದ ಮೇಲೆ ಆಟ ತೆರೆಯಿತು. ಆದರೆ ಚಿತ್ರಗಳಿಲ್ಲ! ‘ಈ ಫೋಲ್ಡರಿನಲ್ಲಿ ಆನೆಯ ಚಿತ್ರ ಇದೆ’ ಎಂದು ಪ್ರೋಗ್ರಾಮಿನಲ್ಲಿ ಬರೆದಿದ್ದೆ. ಆ ಫೋಲ್ಡರು ಇದ್ದುದು ನನ್ನ ಮನೆಯಲ್ಲಿ. ಜಾರಿನೊಳಗೆ ಕಟ್ಟಿದ ಚಿತ್ರ ಸಾಧಾರಣ ಫೈಲಾಗಿ ಸಿಗುವುದಿಲ್ಲ. ‘ಗೆಟ್ ರಿಸೋರ್ಸ್’ ಎಂಬ ವಿಧಾನದಿಂದಲೇ ಅದನ್ನು ಕರೆಯಬೇಕು. ಹಾಗೆ ಕರೆದ ಮೇಲೂ ನಾಲ್ಕೈದು ಚಿತ್ರಗಳು ಬರಲಿಲ್ಲ. ಕಾರಣ, ಚಿತ್ರದ ಹೆಸರಿನಲ್ಲಿ ದೊಡ್ಡ ಅಕ್ಷರ, ಪ್ರೋಗ್ರಾಮಿನಲ್ಲಿ ಸಣ್ಣ ಅಕ್ಷರ. ವಿಂಡೋಸ್ ಈ ಭೇದವನ್ನು ಎಣಿಸುವುದಿಲ್ಲ. ಜಾರಿನೊಳಗೆ ಅದು ಕಟ್ಟುನಿಟ್ಟು. ಎಲ್ಲ ಹೆಸರುಗಳನ್ನೂ ಸಣ್ಣ ಅಕ್ಷರಗಳಿಗೆ ತಂದೆ.

ಕೊನೆಯದು ನಮ್ಮ ಭಾಷೆಗೇ ಸಂಬಂಧಿಸಿದ್ದು. ಚಿತ್ರ ಬಂತು, ಅಕ್ಷರಗಳ ಜಾಗದಲ್ಲಿ ಕೆಲವೆಡೆ ಬರಿಯ ಚೌಕಗಳು, ಕೆಲವೆಡೆ ಅರ್ಥವಿಲ್ಲದ ಗೀಚು. ಇವೆರಡೂ ಒಂದೇ ರೋಗವಲ್ಲ. ಚೌಕ ಕಂಡರೆ ಅಕ್ಷರ ಸರಿಯಿದೆ, ಅದನ್ನು ಬರೆದು ತೋರಿಸುವ ಫಾಂಟು ಇಲ್ಲವೆಂದು ತಿಳಿಯಬೇಕು. ನಾನು ವಿಂಡೋಸಿನ ‘ತುಂಗಾ’ ಫಾಂಟನ್ನು ಹೆಸರಿಸಿದ್ದೆ, ಉಬುಂಟುವಿನಲ್ಲಿ ಅದಿಲ್ಲ. ಉಚಿತವಾಗಿ ಹಂಚಬಹುದಾದ ‘ನೋಟೊ ಸಾನ್ಸ್ ಕನ್ನಡ’ದಂಥ ಫಾಂಟನ್ನು ಜಾರಿನೊಳಗೇ ಕಟ್ಟಿಕೊಟ್ಟರೆ ಆ ಚಿಂತೆಯಿಲ್ಲ. ಗೀಚು ಕಂಡರೆ ಅಕ್ಷರವೇ ಕೆಟ್ಟಿದೆ. ವಿಂಡೋಸಿನಲ್ಲಿ ಹಳೆಯ ಜಾವಾ ಕಂಪೈಲರು, ನಾವು ಹೇಳದಿದ್ದರೆ, ನಮ್ಮ ಬರಹವನ್ನು ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಓದುವುದಿಲ್ಲ. 2022ರ ಜಾವಾ 18ರಿಂದೀಚೆಗೆ ಮಾತ್ರ ಅದು ಪೂರ್ವನಿಶ್ಚಿತ ಕ್ರಮವಾಯಿತು. ಅದಕ್ಕಿಂತ ಹಿಂದಿನದರಲ್ಲಿ ‘ಎನ್‌ಕೋಡಿಂಗ್ ಯುಟಿಎಫ್-8’ ಎಂದು ಸ್ಪಷ್ಟವಾಗಿ ಹೇಳಬೇಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಾಠಗಳಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಆ ಫಾಂಟು ಇಲ್ಲದಲ್ಲಿ ಅವು ಕನ್ನಡವಾಗಿ ಕಾಣಿಸವು.

ಇನ್ನೆರಡು ಮಾತು. ‘ಇನ್‌ವ್ಯಾಲಿಡ್ ಆರ್ ಕರಪ್ಟ್ ಜಾರ್‌ಫೈಲ್’ ಎಂದು ಬಂದರೆ, ನಕಲು ಮುಗಿಯುವ ಮೊದಲೇ ಪೆನ್‌ಡ್ರೈವನ್ನು ಎಳೆದುದರಿಂದ ಗಂಟು ಅರ್ಧವೇ ಬಂದಿರಬಹುದು; ಪುನಃ ನಕಲು ಮಾಡಿ ನೋಡಿ. ಜಾವಾ ಇಲ್ಲದ ಯಂತ್ರಕ್ಕೆ ಕೊಡುವುದಾದರೆ, 2021ರ ಜಾವಾ 16ರಿಂದ ಸಿದ್ಧರೂಪದಲ್ಲಿ ಬಂದಿರುವ ‘ಜೆ-ಪ್ಯಾಕೇಜ್’ ಎಂಬ ಸಲಕರಣೆ ಜಾವಾವನ್ನೂ ಸೇರಿಸಿಯೇ ಕಟ್ಟಿಕೊಡುತ್ತದೆ. ಆದರೆ ಉಬುಂಟುವಿಗೆ ಬೇಕಾದುದನ್ನು ಉಬುಂಟುವಿನಲ್ಲೇ, ವಿಂಡೋಸಿಗೆ ಬೇಕಾದುದನ್ನು ವಿಂಡೋಸಿನಲ್ಲೇ ಕಟ್ಟಬೇಕು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ರೋಗ ಒಂದೇ. ನನ್ನ ಮನೆಯಲ್ಲಿ ಇರುವುದೆಲ್ಲ ಅಲ್ಲಿಯೂ ಇದೆಯೆಂದು ನಂಬಿದ್ದೆ. ಆದುದರಿಂದ ಈಗೊಂದು ಕ್ರಮವಿಟ್ಟುಕೊಂಡಿದ್ದೇನೆ. ಗಂಟು ಕಟ್ಟಿದೊಡನೆ ಅದೊಂದನ್ನೇ ಖಾಲಿ ಫೋಲ್ಡರಿಗೆ ಹಾಕಿ ಅಲ್ಲಿಂದ ಓಡಿಸಿ ನೋಡುವುದು. ಬಳಿಕ ಬೇರೆಯವರ ಒಂದು ಯಂತ್ರದಲ್ಲಿ ನೋಡುವುದು. ಆಮೇಲಷ್ಟೇ ಮಕ್ಕಳ ಮುಂದೆ. ತಪ್ಪಿನ ಮಾತುಗಳನ್ನು ಬಂದ ಹಾಗೆಯೇ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಎರಡನೆಯ ಸಲ ಅದೇ ಮಾತು ಬಂದರೆ ಬೆಂಗಳೂರಿಗೆ ಫೋನು ಬೇಕಾಗುವುದಿಲ್ಲ.

ಐದನೆಯ ಸಲ ಶಾಲೆಗೆ ಹೋದಾಗ ಆಟ ತೆರೆಯಿತು. ಚೆಂಡೆಯ ಪೆಟ್ಟು ಕೇಳಿ ಮಕ್ಕಳು ಬೆಂಚು ಬಿಟ್ಟು ಎದ್ದರು. ಇಂಗ್ಲಿಷಿನ ಆಟ ಹಾಕುವ ಎಂದಿದ್ದ ಟೀಚರೇ ಸರದಿ ನಿಲ್ಲಿಸಬೇಕಾಯಿತು. ಎರಡನೆಯ ತರಗತಿಯ ಹುಡುಗಿಯೊಬ್ಬಳು ಮುಂಗುಸಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಬರುವುದಿಲ್ಲವೇನೋ ಎಂದು ಹತ್ತಿರ ಹೋದರೆ, “ಇದರಲ್ಲಿ ‘ಗು’ ಕೊಟ್ಟೇ ಇಲ್ಲ ಸರ್, ಹೇಗೆ ಜೋಡಿಸುದು?” ಎಂದಳು. ನೋಡಿದೆ, ಹೌದು, ಕೊಟ್ಟಿರಲಿಲ್ಲ. ಈ ತಪ್ಪಿನ ಬಗ್ಗೆ ಯಂತ್ರ ಒಂದು ಮಾತೂ ಹೇಳಿರಲಿಲ್ಲ. ನೋಟುಪುಸ್ತಕದಲ್ಲಿ ಅದನ್ನೂ ಬರೆದುಕೊಂಡು, ಅಂದು ಸಂಜೆ ಪುನಃ ಗಂಟು ಬಿಚ್ಚಿ ಕಟ್ಟಿದೆ.